ಮೂರು ಲಾಡಿಯ ಬಾವುಟ

ಮಿಯೆನ್ ಹೊಲಿದ ಬಟ್ಟೆಗೆ ರಾಚ್ ಮುಯಿ ಊರಿನಲ್ಲಿ ಹೆಸರಿಟ್ಟವರು ಯಾರೂ ಇರಲಿಲ್ಲ, ಅವಳ ಅತ್ತೆಯನ್ನು ಬಿಟ್ಟರೆ. ಒಂದು ಗುಂಡಿ ಸಾಕಾಗುವ ಕಡೆ ಎರಡು ಹಾಕುತ್ತಾಳೆ, ಒಂದು ಹೊಲಿಗೆ ಸಾಕಾಗುವ ಕಡೆ ಮೂರು ಓಡಿಸುತ್ತಾಳೆ ಎಂಬುದು ಎಂಬತ್ತೆಂಟು ವರ್ಷದ ಆ ಮುದುಕಿಯ ದೂರು. "ನಿನ್ನ ಕೈಲಿ ಹೊಲಿಸ್ಕೊಂಡ ಅಂಗಿ ಬಿಚ್ಚೋಕೆ ಒಬ್ಬ ಆಳು ಬೇಕು ಕಣೇ," ಎನ್ನುತ್ತಿದ್ದಳು. ಮಿಯೆನ್ ಕೇಳಿಯೂ ಕೇಳದವಳಂತೆ ಮಿಷನ್ ತುಳಿಯುತ್ತಿದ್ದಳು. ಕಡಲಂಚಿನ ಗಾಳಿಯ ಊರು. ಒಣಗಲು ಹಾಕಿದ ಬೊಂಡಾಸ ಮೀನೇ ಹಾರಿಹೋಗಿ ಪಕ್ಕದ ಮನೆಯ ಸಾರಿಗೆ ಬೀಳುವ ಕಡೆ ಗಟ್ಟಿಯಾಗಿ ಹೊಲಿಯುವುದು ಯಾವ ತಪ್ಪು?

ಆ ಸಲ ಹೊಸ ವರ್ಷದ ಟೆಟ್ ಹಬ್ಬಕ್ಕೆ ಇನ್ನೂ ಮೂರು ವಾರ ಇರುವಾಗ, ಪೋಪರ ಪ್ರತಿನಿಧಿ ಊರಿಗೆ ಬರುತ್ತಾರೆಂಬ ಸುದ್ದಿ ಬಂತು. ಪೋಪರಿಗೂ ಹನೋಯಿಯ ಸರ್ಕಾರಕ್ಕೂ ಮಾತುಕತೆ ಇನ್ನೂ ಅರ್ಧ ದಾರಿಯಲ್ಲಿದ್ದ ಕಾಲವದು. ಪ್ರತಿನಿಧಿಗೆ ದೇಶದೊಳಗೆ ಮನೆಯಿರಲಿಲ್ಲ. ಅವರು ಸಿಂಗಪುರದಲ್ಲಿ ಇರಬೇಕು, ಅನುಮತಿ ಸಿಕ್ಕಾಗ ಬರಬೇಕು, ಅನುಮತಿ ಇರುವ ಊರನ್ನಷ್ಟೇ ನೋಡಬೇಕು, ಪಕ್ಕದಲ್ಲಿ ಒಬ್ಬ ಅಧಿಕಾರಿಯನ್ನು ಕೂರಿಸಿಕೊಂಡೇ ತಿರುಗಬೇಕು. ಮದುವೆ ಮಾತುಕತೆ ನಡೆಯುವಾಗ ಎರಡೂ ಮನೆಗೆ ಓಡಾಡುವ ಸೋದರಮಾವನ ಕೆಲಸ ಎಂದಿಟ್ಟುಕೊಳ್ಳಿ. ಎರಡೂ ಕಡೆಯವರ ಕಾಫಿ ಕುಡಿಯಬೇಕು, ಯಾವ ಕಡೆಯವರ ಎದುರೂ ಮುಖ ಗಂಟಿಕ್ಕಬಾರದು.

ಊರಿನಲ್ಲಿ ಆರುನೂರು ಕಥೋಲಿಕ ಮನೆಗಳಿದ್ದವು. ಇಗರ್ಜಿ ಇತ್ತು, ಅದರ ಪಕ್ಕದಲ್ಲಿ ಫಾದರ್ ಮನೆಯೂ ಇತ್ತು. ಫಾದರ್ ಮಾತ್ರ ಇರಲಿಲ್ಲ. ಫಾದರ್ ಖಾಂಗ್ ಮೂವತ್ತನಾಲ್ಕು ಕಿಲೋಮೀಟರ್ ದೂರದ ಪಟ್ಟಣದಲ್ಲಿದ್ದು, ಬುಧವಾರ ಮತ್ತು ಭಾನುವಾರ ಮೋಟಾರ್ ಬೈಕಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಅವರನ್ನು ಇಲ್ಲೇ ಇರಿಸಲು ಜಿಲ್ಲೆಯ ಒಪ್ಪಿಗೆ ಬೇಕು. ಬಿಷಪ್ ಹನ್ನೊಂದು ವರ್ಷದಿಂದ ಕೇಳುತ್ತಿದ್ದರು. ಜಿಲ್ಲೆಯವರು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ, ಪರಿಶೀಲಿಸುತ್ತಿದ್ದರು. ಹನ್ನೊಂದು ವರ್ಷ ಪರಿಶೀಲಿಸುವಂಥದ್ದು ಆ ಕಾಗದದಲ್ಲಿ ಏನಿತ್ತೋ ನಾಕಾಣೆ.

ಆ ಪರಿಶೀಲನೆಯ ಒಂಬತ್ತನೇ ವರ್ಷದಲ್ಲಿ ಮಿಯೆನ್‌ಳ ಗಂಡ ಕ್ವಿ ತೀರಿಕೊಂಡ. ದೋಣಿಯಿಂದ ಇಳಿದವನು ಎದೆ ಹಿಡಿದುಕೊಂಡು ಮರಳಿನ ಮೇಲೆ ಕೂತ. ಸಾಯುವ ಮುನ್ನ ಪ್ರಾರ್ಥಿಸಿ ಹಚ್ಚುವ ಕೊನೆಯ ಎಣ್ಣೆಗಾಗಿ ಫಾದರಿಗೆ ಹೇಳಿ ಕಳಿಸಿದರು. ಫಾದರ್ ಖಾಂಗ್ ಕೆಸರಿನಲ್ಲಿ ಎರಡು ಸಲ ಬಿದ್ದು ಬಂದು ಮುಟ್ಟುವಷ್ಟರಲ್ಲಿ ನಲವತ್ತು ನಿಮಿಷ ತಡವಾಗಿತ್ತು. ಆ ನಲವತ್ತು ನಿಮಿಷವನ್ನು ಮಿಯೆನ್ ಇನ್ನೂ ಮರೆತಿರಲಿಲ್ಲ. ಅತ್ತೆಯಂತೂ ಅಂದೇ ಶಪಥ ಮಾಡಿದ್ದಳು: "ಈ ಊರಲ್ಲಿ ಒಬ್ಬ ಫಾದರ್ ಬಂದು ಮಲಗೋವರೆಗೂ ನಾನು ಸಾಯೋಲ್ಲ. ಮಗನಿಗೆ ಆದ ಹಾಗೆ ನನಗೆ ಆಗೋದು ಬೇಡ. ಅಲ್ಲೀವರೆಗೂ ನನ್ನ ಗಂಜಿ ನಿನ್ನ ತಲೆ ಮೇಲೆ."

ಮುದುಕಿ ಹಾಗೆ ಅಂದರೂ ಆ ಚಳಿಗಾಲದಲ್ಲಿ ಅವಳ ಉಸಿರು ಗೊರಗುಟ್ಟಲು ಶುರುವಾಗಿತ್ತು. ಮಿಯೆನ್ ರಾತ್ರಿ ಎದ್ದೆದ್ದು ಆ ಉಸಿರನ್ನು ಆಲಿಸುತ್ತಿದ್ದಳು.

ಫಾದರ್ ಖಾಂಗ್ ಪೂಜೆಯ ನಂತರ ಮಿಯೆನ್‌ಳನ್ನು ಪಕ್ಕಕ್ಕೆ ಕರೆದು ಹೇಳಿದರು: "ಮಿಯೆನಮ್ಮ, ಜಿಲ್ಲೆಯವರು ಈ ಸಲ ಮೆತ್ತಗಾಗಿದ್ದಾರೆ. ಭೇಟಿ ಒಂದು ತಕರಾರೂ ಇಲ್ಲದೆ ಮುಗಿದ್ರೆ ಕಾಗದಕ್ಕೆ ಸಹಿ ಆಗಬಹುದು. ಏನಾದ್ರೂ ಎಡವಟ್ಟಾದ್ರೆ ಇನ್ನೊಂದು ಹನ್ನೊಂದು ವರ್ಷ. ಬಾವುಟ ಹೊಲಿಯೋದು ನೀವು. ನೋಡಿಕೊಳ್ಳಿ."

"ನನ್ನ ಹೊಲಿಗೇಲಿ ಎಡವಟ್ಟಾ ಫಾದರ್?" ಎಂದು ಮಿಯೆನ್ ನಕ್ಕಳು.

ಬಾವುಟದ ನಕ್ಷೆ ತಂದವನು ಪಂಚಾಯಿತಿಯ ಉಪಾಧ್ಯಕ್ಷ ತ್ವಾನ್. ಮಿಯೆನ್‌ಳ ಜೊತೆ ಮೂರನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಅವಳ ಸ್ಲೇಟು ನೋಡಿ ಬರೆದವನು. ದೇವರನ್ನು ನಂಬುವವನಲ್ಲ, ಮೇಲಧಿಕಾರಿಗಳನ್ನು ಮಾತ್ರ ನಂಬುವವನು. ನಕ್ಷೆಯನ್ನು ಅವಳ ಕತ್ತರಿಸುವ ಮೇಜಿನ ಮೇಲೆ ಹರಡಿದ.

"ಸಂತೆ ಮೂಲೆಯಿಂದ ಇಗರ್ಜಿ ಬಾಗಿಲವರೆಗೂ ನಲವತ್ತು ಬಿದಿರು. ಒಂದೊಂದಕ್ಕೂ ಎರಡು ನೀಳ ಬಾವುಟ. ದೇಶದ ಕೆಂಪು ಬಾವುಟ ಮೇಲೆ, ಪೋಪರ ಹಳದಿ-ಬಿಳಿ ಬಾವುಟ ಕೆಳಗೆ. ಅಕ್ಕಪಕ್ಕ ಅಲ್ಲ. ಮೇಲೆ, ಕೆಳಗೆ. ಅರ್ಥ ಆಯ್ತಾ ಮಿಯೆನಕ್ಕ?"

"ಇಷ್ಟುದ್ದ ಸಹಿ ಹಾಕಿದ್ದೀರಲ್ಲ ಸಾಹೇಬ್ರೇ, ಅರ್ಥ ಆಗ್ದೇ ಇರುತ್ತಾ?"

"ಕೆಳಗೆ ನಿನ್ನದೂ ಒಂದು ಸಹಿ ಹಾಕು, ಹೊಲಿದವರು ಅಂತ. ಕೆಂಪು ಬಟ್ಟೆ ನಮ್ಮ ಕಚೇರೀಲೇ ಎರಡು ಥಾನು ಬಿದ್ದಿದೆ, ಕಳಿಸ್ತೀನಿ."

ಮಿಯೆನ್ ಹದಿನೆಂಟು ದಿನ ಹೊಲಿದಳು. ಗಾಳಿಗೆ ಕೆಳಗಿನ ಬಾವುಟ ಎದ್ದು ಮೇಲಿನ ಕೆಂಪು ಬಾವುಟದ ನಕ್ಷತ್ರವನ್ನು ಮುಚ್ಚಿಬಿಟ್ಟರೆ? ಪೋಪರ ಬಾವುಟ ದೇಶದ ನಕ್ಷತ್ರ ಮುಚ್ಚಿತು ಎಂದು ಯಾರಾದರೂ ಫೋಟೋ ಹೊಡೆದರೆ ಕಥೆ ಮುಗಿಯಿತು. ಅದಕ್ಕೆ ಅವಳು ಕೆಂಪು ಬಾವುಟದ ಕೆಳ ಅಂಚನ್ನು ಹಳದಿ ಬಾವುಟದ ಮೇಲಂಚಿಗೆ ಲಾಡಿಯಿಂದ ಕಟ್ಟಿದಳು. ಎರಡು ಲಾಡಿ ಹಾಕಿದರೆ ನಡುವೆ ಹೊಟ್ಟೆ ಉಬ್ಬುತ್ತಿತ್ತು. ಮೂರು ಹಾಕಿದಳು. ನಲವತ್ತಕ್ಕೂ ಮೂರು ಮೂರು. ಅತ್ತೆ ನೋಡಿ, "ಅದು ಬಾವುಟಾನೋ, ಗೂಳಿನೋ? ಯಾಕೆ ಹಾಗೆ ಬಿಗೀತೀಯ?" ಎಂದಳು.

ಬಿದಿರು ನೆಟ್ಟು ಬಾವುಟ ಏರಿಸಿದ ಸಂಜೆ ಊರು ಮದುಮಗಳ ಹಾಗಿತ್ತು. ಇಗರ್ಜಿಯ ಬಾಗಿಲಲ್ಲಿ ಮಾತ್ರ ಬಿದಿರು ಸಾಲದೆಂದು ತ್ವಾನ್ ಹಟ ಹಿಡಿದು, ಬೆಸ್ತರಿಂದ ದೋಣಿಗೆ ಹಾಯಿ ಕಟ್ಟುವ ಒಂದು ಕೂವೆಮರವನ್ನೇ ತರಿಸಿ ನೆಡಿಸಿದ. ಕೆಂಪು ಬಾವುಟ ಅಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕಂತೆ.

ಒಣ ಕಾಲದಲ್ಲಿ ಆ ಕರಾವಳಿಗೆ ಮಳೆ ಬರುವುದಿಲ್ಲ. ಮರುದಿನ ಬೆಳಗಿನ ಐದಕ್ಕೆ ಬಂತು. ಅರ್ಧ ಗಂಟೆ ಸುರಿದು, ಏನೂ ಆಗೇ ಇಲ್ಲವೆಂಬಂತೆ ನಿಂತಿತು.

ಮಿಯೆನ್ ಎದ್ದು ಕೂದಲು ಕೂಡ ಕಟ್ಟದೆ ಓಡಿದಳು. ಮೊದಲನೇ ಬಿದಿರಿನ ಕೆಳಗೆ ನಿಂತು ಕತ್ತೆತ್ತಿದಳು. ಪಂಚಾಯಿತಿಯ ಕೆಂಪು ಥಾನು ಬಣ್ಣ ಬಿಟ್ಟಿತ್ತು. ಕೆಂಪು ನೀರು ಬೇರೆಲ್ಲೂ ಹೋಗದೆ ಅವಳು ಬಿಗಿದಿದ್ದ ಮೂರು ಲಾಡಿಗಳನ್ನೇ ಹಿಡಿದು ಇಳಿದಿತ್ತು. ಪೋಪರ ಬಾವುಟದ ಮೇಲರ್ಧದ ಹಳದಿ ಬಟ್ಟೆಯ ಮೇಲೆ ಮೂರು ಕೆಂಪು ಪಟ್ಟಿ, ಅಳತೆ ಇಟ್ಟು ಎಳೆದ ಹಾಗೆ. ಎರಡನೇ ಬಿದಿರು ನೋಡಿದಳು. ಮೂರನೆಯದು ನೋಡಿದಳು. ಎಲ್ಲವೂ ಹಾಗೇ.

ಹಳದಿ ಬಟ್ಟೆಗೆ ಮೂರು ಕೆಂಪು ಪಟ್ಟಿ ಎಂದರೆ ಏನೆಂದು ಆ ನಾಡಿನಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ಎಪ್ಪತ್ತೈದರಲ್ಲಿ ಸೋತು ಮುಳುಗಿದ ಹಳೆಯ ಸೈಗಾನ್ ಸರ್ಕಾರದ ಬಾವುಟ ಅದು. ಹಾರಿಸುವುದಿರಲಿ, ಪೆಟ್ಟಿಗೆಯ ತಳದಲ್ಲಿಟ್ಟುಕೊಳ್ಳಲೂ ಜನ ನಡುಗುತ್ತಿದ್ದರು. ಮಿಯೆನ್ ಅಂಥ ನಲವತ್ತನ್ನು ಸಾಲಾಗಿ ಬೀದಿಯಲ್ಲಿ ಕಟ್ಟಿದ್ದಳು, ದೇಶದ ಬಾವುಟದ ಕೆಳಗೇ, ಪೋಪರ ಪ್ರತಿನಿಧಿ ಬರುವ ದಿನವೇ, ತನ್ನ ಸಹಿಯೊಂದಿಗೆ.

ಅಷ್ಟರಲ್ಲಿ ತ್ವಾನ್ ಬೈಕಿನಲ್ಲಿ ಬಂದ. ಮೇಲೆ ನೋಡಿದ. ಬೈಕು ತಾನಾಗಿಯೇ ನಿಂತುಹೋಯಿತು.

"ಏನಿದು ಮಿಯೆನಕ್ಕ? ಏನಿದು? ನನ್ನ ಹೆಂಡ್ತಿ ಮಕ್ಳು ಬೀದಿಗೆ ಬೀಳ್ಬೇಕಾ?"

"ನಿಮ್ಮ ಥಾನು ಬಣ್ಣ ಬಿಟ್ರೆ ನನ್ನ ಕೇಳ್ತೀರಾ?"

"ಮೂರು ಲಾಡಿ ಕಟ್ಟು ಅಂತ ನಾನು ಹೇಳಿದ್ನಾ?"

"ಮೇಲೆ ಕೆಳಗೆ ಕಟ್ಟು ಅಂತ ನಾನು ಹೇಳಿದ್ನಾ?"

ಇಬ್ಬರ ಸಹಿಯೂ ಒಂದೇ ಕಾಗದದ ಮೇಲಿತ್ತು. ಮೂರನೇ ತರಗತಿಯ ಬೆಂಚಿನ ಮೇಲೆ ಮತ್ತೊಮ್ಮೆ ಕೂತಂತಾಯಿತು, ಈ ಸಲ ಮೇಷ್ಟ್ರು ಜಿಲ್ಲೆಯಿಂದ ಬರುವವರಿದ್ದರು.

"ಎಲ್ಲಾ ಕಿತ್ತು ಬಿಸಾಕೋಣ," ಎಂದ ತ್ವಾನ್.

"ದೇಶದ ಬಾವುಟ ಕಿತ್ತೆ ಅಂತ ಬರ್ಕೊಳ್ತಾರೆ."

"ಹಳದಿ ಮಾತ್ರ ಕೀಳೋಣ."

"ನಲವತ್ತು ಜೊತೆ ಅಂತ ನೀನೇ ಬರೆದಿದ್ದೀಯಲ್ಲೋ ತ್ವಾನಾ. ಎಣಿಸಿ ಕೇಳಿದ್ರೆ ಏನು ಹೇಳ್ತೀಯ, ಕಾಗೆ ಕಚ್ಚಿಕೊಂಡು ಹೋಯ್ತು ಅಂತಾನಾ?" ಗಾಬರಿಯಲ್ಲಿ ಸಾಹೇಬರು, ಗೌರವ ಎಲ್ಲ ಎಲ್ಲೋ ಬಿದ್ದುಹೋಗಿತ್ತು.

ಕತ್ತರಿ ತರಲು ಮನೆಗೆ ಓಡಿಬಂದ ಸೊಸೆಯ ಮುಖ ನೋಡಿ ಅತ್ತೆ ಮಂಚದ ಮೇಲೆ ಎದ್ದು ಕೂತಳು. ಮಿಯೆನ್ ಅಳುತ್ತಲೇ ಎಲ್ಲ ಹೇಳಿದಳು. ತನ್ನ ಕೈಯಾರೆ ಹಾಳು ಮಾಡಿದೆ, ಕ್ವಿಗೆ ಆದದ್ದೇ ನಿಮಗೂ ಆಗುತ್ತದೆ, ನನ್ನ ಕೈ ಸೇದಿಹೋಗಲಿ ಎಂದಳು. ಮುದುಕಿ ತಡೆದು ಕೇಳಿದಳು:

"ಕ್ರಿಸ್‌ಮಸ್ಸಿಗೆ ಮನೆಮನೆ ಮುಂದೆ ಹಳದಿ-ಬಿಳಿ ಬಾವುಟ ಕಟ್ಟಿದ್ವಲ್ಲ, ಅವೇನಾದ್ವೇ? ಇಲಿ ತಿಂದ್ವಾ?"

ಮಿಯೆನ್ ಅಳು ನಿಲ್ಲಿಸಿದಳು. ಆರುನೂರು ಮನೆ, ಆರುನೂರು ಹಳೆಯ ಬಾವುಟ. ಇಷ್ಟು ಸುಲಭದ ಮಾತು ತನಗೇಕೆ ಹೊಳೆಯಲಿಲ್ಲವೆಂದು ನಾಚಿಕೆಯಾಯಿತು, ಆದರೆ ನಾಚಿಕೆಪಡಲು ಸಮಯವಿರಲಿಲ್ಲ.

ಎರಡು ಗಂಟೆಯಲ್ಲಿ ಊರ ಹೆಂಗಸರೆಲ್ಲ ಬೀದಿಗಿಳಿದರು. ಒಬ್ಬಳು ಬಿದಿರು ಬಾಗಿಸಿದರೆ ಒಬ್ಬಳು ಲಾಡಿ ಕತ್ತರಿಸಿದಳು, ಇನ್ನೊಬ್ಬಳು ತನ್ನ ಮನೆಯ ಬಾವುಟ ಕಟ್ಟಿದಳು. ಒಂದು ಗಿಡ್ಡ, ಒಂದು ಉದ್ದ, ಒಂದು ಬಿಸಿಲಿಗೆ ಮಾಸಿ ಹಳದಿ ಯಾವುದು ಬಿಳಿ ಯಾವುದು ತಿಳಿಯದ್ದು. ನೆನೆದ ಕೆಂಪು ಬಾವುಟಗಳನ್ನು ಹಿಂಡಿ ಹಿಂಡಿ ಕಟ್ಟಿದರು. ಪಟ್ಟಿ ಬಿದ್ದ ಮೂವತ್ತೊಂಬತ್ತನ್ನು ಮೀನಿನ ರಸ ಹಾಕುವ ಖಾಲಿ ಪೀಪಾಯಿಯೊಂದಕ್ಕೆ ತುಂಬಿ, ಮೇಲೆ ಒಂದು ಮೊಳ ಉಪ್ಪು ಸುರಿದು ಮುಚ್ಚಳ ಜಡಿದರು. ಆ ಪೀಪಾಯಿಯ ಕಡೆ ಯಾವ ಪೊಲೀಸನೂ ಮೂಗು ತೂರಿಸುವುದಿಲ್ಲ, ಅದರ ವಾಸನೆ ಹಾಗಿರುತ್ತದೆ.

ಉಳಿದದ್ದು ನಲವತ್ತನೆಯದು, ಕೂವೆಮರದ ತುದಿಯದು. ಅದನ್ನು ಇಳಿಸಲು ತ್ವಾನ್ ಸ್ವತಃ ಹಗ್ಗ ಎಳೆದ. ಗಾಬರಿಯಲ್ಲಿ ಎಷ್ಟು ಜೋರಾಗಿ ಎಳೆದನೆಂದರೆ ಹಗ್ಗ ರಾಟೆಯಿಂದ ಜಾರಿ ಪಕ್ಕದಲ್ಲಿ ಸಿಕ್ಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಕೂವೆಮರ ನೆಟ್ಟ ಬೆಸ್ತರು ಬೆಳಗಿನ ಜಾವವೇ ಕಡಲಿಗೆ ಹೋಗಿದ್ದರು. ಊರಿನ ಏಣಿಗಳೆಲ್ಲ ಅರ್ಧಕ್ಕೇ ಮುಗಿದವು. ಆಗಲೇ ಸಂತೆ ಮೂಲೆಯಲ್ಲಿ ಕಾರಿನ ಹಾರ್ನ್ ಕೇಳಿಸಿತು.

ಕಾರಿನಿಂದ ಮೊದಲು ಇಳಿದವರು ಜಿಲ್ಲಾ ಕಚೇರಿಯ ಥ್ವಾ ಮೇಡಂ. ಐವತ್ತರ ಆಸುಪಾಸು, ಬಿಗಿಯಾದ ಮುಡಿ, ಬಿಗಿಯಾದ ತುಟಿ. ಹನ್ನೊಂದು ವರ್ಷದ ಪರಿಶೀಲನೆ ಇದ್ದದ್ದು ಅವರ ಮೇಜಿನ ಮೇಲೆಯೇ. ಅವರ ಇಬ್ಬರು ಗುಮಾಸ್ತರು ಬಾವುಟ ಎಣಿಸುತ್ತ ಹಿಂದೆ ಸಂತೆ ಮೂಲೆಯಲ್ಲೇ ಉಳಿದಿದ್ದರು. ಆಮೇಲೆ ಇಳಿದವರು ಪೋಪರ ಪ್ರತಿನಿಧಿ ಆರ್ಚ್‌ಬಿಷಪ್ ಮಿಕಾಲೆಫ್, ಯಾವುದೋ ಪುಟ್ಟ ದ್ವೀಪದ ಬೆಸ್ತರ ಮನೆಯಲ್ಲಿ ಹುಟ್ಟಿದವರಂತೆ. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಕೈಯಲ್ಲಿ ದೊಡ್ಡ ಕಪ್ಪು ಕೊಡೆ. ದುಭಾಷಿಯಾಗಿ ಫಾದರ್ ಖಾಂಗ್ ಪಕ್ಕದಲ್ಲಿದ್ದರು.

ಇಳಿದವರೇ ಆರ್ಚ್‌ಬಿಷಪ್, ಬೆಸ್ತರ ಮಕ್ಕಳು ಮಾಡುವಂತೆ, ಮೊದಲು ಕೂವೆಮರದ ತುದಿ ನೋಡಿದರು. ಮಿಯೆನ್ ಅವರ ಕಣ್ಣನ್ನೇ ನೋಡುತ್ತಿದ್ದಳು. ಅವರು ಕಂಡರು. ಕಂಡದ್ದೇನೆಂದು ಅವರಿಗೆ ಗೊತ್ತಾಯಿತು ಎಂಬುದೂ ಅವಳಿಗೆ ಗೊತ್ತಾಯಿತು.

ಆರ್ಚ್‌ಬಿಷಪ್ ಅವಸರವಿಲ್ಲದೆ ಕೊಡೆ ಬಿಚ್ಚಿ ಥ್ವಾ ಮೇಡಂ ತಲೆಯ ಮೇಲೆ ಹಿಡಿದರು. ಮಳೆಯ ಬಳಿಕದ ಬಿಸಿಲು ತಲೆನೋವು ತರುತ್ತದೆ, ನನ್ನ ಅಮ್ಮ ಯಾವಾಗಲೂ ಹೇಳುತ್ತಿದ್ದರು, ಎಂದು ಫಾದರ್ ಖಾಂಗ್ ಬಾಯಿಂದ ಹೇಳಿಸಿದರು. ಆಮೇಲೆ ಮೇಡಂ ಅವರ ಅಮ್ಮ ಹೇಗಿದ್ದಾರೆಂದು ಕೇಳಿದರು. ಅಮ್ಮನ ಮಂಡಿ ನೋವು, ಅದಕ್ಕೆ ಹಚ್ಚುವ ಎಣ್ಣೆ, ಆ ಎಣ್ಣೆ ಸಿಂಗಪುರದಲ್ಲಿ ಸಿಗುತ್ತದೆಯೇ ಇಲ್ಲವೇ, ಇದೆಲ್ಲ ಮಾತಾಡುತ್ತ, ಕೊಡೆಯನ್ನು ಸ್ವಲ್ಪ ತಗ್ಗಿಸಿಯೇ ಹಿಡಿದು, ಹೆಜ್ಜೆ ಹೆಜ್ಜೆಗೂ ನಿಲ್ಲುತ್ತ, ಇಬ್ಬರೂ ಕೂವೆಮರದ ಕೆಳಗೇ ಹಾದು ಇಗರ್ಜಿಯೊಳಗೆ ಹೋದರು. ಮಿಯೆನ್‌ಗೆ ಹೋದ ಜೀವ ಅರ್ಧ ಬಂತು. ಇನ್ನರ್ಧ ಎಣಿಸುತ್ತ ಬರುತ್ತಿದ್ದ ಗುಮಾಸ್ತರ ಕೈಯಲ್ಲಿತ್ತು.

ಒಳಗೆ ಪೂಜೆಯ ಹಾಡು ಶುರುವಾದಾಗ ತ್ವಾನ್ ಚಪ್ಪಲಿ ಬಿಚ್ಚಿದ. "ಯಾರೂ ನಗಬೇಡಿ," ಎಂದು ಹೇಳಿ, ಕಚೇರಿಯ ಪ್ಯಾಂಟಿನಲ್ಲೇ ಕೂವೆಮರ ಹತ್ತಿದ. ಅರ್ಧಕ್ಕೆ ಹೋಗುವಷ್ಟರಲ್ಲಿ ಪ್ಯಾಂಟು ಹಿಂದೆ ಪರ್ರೆಂದು ಹರಿಯಿತು. ಯಾರೂ ನಗಲಿಲ್ಲ, ಅಷ್ಟು ಹೆದರಿದ್ದರು. ತುದಿ ತಲುಪಿ ಸಿಕ್ಕಿದ್ದ ಹಗ್ಗ ಬಿಡಿಸಿ, ಹಳದಿ ಬಾವುಟ ಬಿಚ್ಚಿ, ಮುದ್ದೆ ಮಾಡಿ ಕೆಳಗೆಸೆದ. ಮಿಯೆನ್ ಅದನ್ನು ಹಿಡಿದು ತನ್ನ ಶಾಲಿನಲ್ಲಿ ಸುತ್ತಿದಳು. ಬದಲಿಗೆ ಮನೆಯಿಂದ ತಂದದ್ದನ್ನು ಹಗ್ಗಕ್ಕೆ ಕಟ್ಟಿಕೊಟ್ಟಳು. ಕ್ವಿ ಪ್ರತಿ ಕ್ರಿಸ್‌ಮಸ್ಸಿಗೆ ತನ್ನ ದೋಣಿಗೆ ಕಟ್ಟುತ್ತಿದ್ದ ಬಾವುಟ ಅದು, ಉಪ್ಪುಗಾಳಿಗೆ ಅಂಚು ಜೂಲಾಗಿದ್ದದ್ದು.

"ಮೂವತ್ತೊಂಬತ್ತು..." ಎನ್ನುತ್ತ ಗುಮಾಸ್ತರು ಬಂದು ನಿಂತು ಮೇಲೆ ನೋಡಿದರು.

"ನಲವತ್ತು! ಬರ್ಕೊಳ್ರಯ್ಯ!" ಎಂದು ತ್ವಾನ್ ಆಕಾಶದಿಂದ ಕೂಗಿದ. "ಗಂಟು ಸರಿ ಮಾಡ್ತಾ ಇದೀನಿ. ನಮ್ಮ ಪಂಚಾಯಿತೀಲಿ ಕೆಲಸ ಅಂದ್ರೆ ಹೀಗೆ."

ಗುಮಾಸ್ತರು ಬರೆದುಕೊಂಡರು. ಆದರೆ ಕೈಯಲ್ಲಿದ್ದ ಶಾಲಿನ ಗಂಟನ್ನು ಎಲ್ಲಿಡುವುದು? ಕಾಡುಬಾದಾಮಿ ಮರದ ಕೆಳಗೆ, ಬೆತ್ತದ ಕುರ್ಚಿಯಲ್ಲಿ, ಹಬ್ಬದ ಬಟ್ಟೆ ಹಾಕಿಕೊಂಡು ಅತ್ತೆ ಕೂತಿದ್ದಳು. ಮಿಯೆನ್ ಹೋಗಿ, "ಅತ್ತೆ, ಸ್ವಲ್ಪ ಏಳಿ," ಎಂದು ಗಂಟನ್ನು ಅವಳ ಕೆಳಗೆ ತುರುಕಿದಳು.

"ಒದ್ದೆ ಇದೆಯಲ್ಲೇ!"

"ಸುಮ್ನೆ ಕೂತ್ಕೊಳ್ಳಿ ಅತ್ತೆ, ನಿಮ್ಮ ದಮ್ಮಯ್ಯ."

ಪೂಜೆ ಮುಗಿಸಿ ಬಂದ ಆರ್ಚ್‌ಬಿಷಪ್ ನೇರವಾಗಿ ಮುದುಕಿಯ ಹತ್ತಿರವೇ ಬಂದರು, ಹಣೆಯ ಮೇಲೆ ಶಿಲುಬೆ ಗುರುತು ಹಾಕಿದರು. ಹತ್ತು ಹೆಜ್ಜೆ ಆಚೆ ಥ್ವಾ ಮೇಡಂ ಚಹಾ ಕುಡಿಯುತ್ತ ನಿಂತಿದ್ದರು. ಅತ್ತೆಗೆ ಕಿವಿ ಮಂದ, ಕಿವಿ ಮಂದವಾದವರ ಗುಟ್ಟಿನ ಮಾತು ಇಡೀ ಊರಿಗೆ ಕೇಳುತ್ತದೆ.

"ಫಾದರ್, ದೊಡ್ಡ ಸ್ವಾಮಿಗಳಿಗೆ ಹೇಳಿ," ಎಂದಳು. "ನನ್ನ ಸೊಸೆ ಒಳ್ಳೆಯವಳು. ಮೂರು ಲಾಡಿ ಕಟ್ಟಿದ್ದೇ ತಪ್ಪು. ಅದರ ಮೇಲೇ ಕೂತಿದೀನಿ, ಬೆನ್ನೆಲ್ಲ ಥಂಡಿ ಹಿಡೀತು."

ಫಾದರ್ ಖಾಂಗ್ ಮುಖ ಬಿಳುಚಿತು. ಏನು ಅನುವಾದ ಮಾಡಿದರೋ, ಎಷ್ಟು ಮಾಡಿದರೋ ದೇವರಿಗೇ ಗೊತ್ತು. ಥ್ವಾ ಮೇಡಂ ಚಹಾದ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಅದನ್ನೇ ನೋಡುತ್ತಿದ್ದರು. ಆರ್ಚ್‌ಬಿಷಪ್ ಮಾತ್ರ ಗಟ್ಟಿಯಾಗಿ ನಕ್ಕು, ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಅಜ್ಜಿ, ನಿಮ್ಮ ದಿಂಬು ನನಗೆ ಕೊಡ್ತೀರಾ ಅಂತ ಕೇಳ್ತಿದ್ದಾರೆ," ಎಂದರು ಫಾದರ್ ಖಾಂಗ್ ತೊದಲುತ್ತ. "ಕಾರಲ್ಲಿ ಕೂತು ಕೂತು ಬೆನ್ನು ನೋಯುತ್ತಂತೆ."

"ತಗೊಂಡು ಹೋಗಲಿ, ಪೀಡೆ ತೊಲಗಲಿ."

ಆರ್ಚ್‌ಬಿಷಪ್ ಆ ಗಂಟನ್ನು ತಾವೇ ಎತ್ತಿಕೊಂಡು ಹೋಗಿ ಕಾರಿನಲ್ಲಿದ್ದ ಕಪ್ಪು ಚೀಲದೊಳಗೆ ಇಟ್ಟು ಬೀಗ ಹಾಕಿದರು. ರಾಯಭಾರಿಯ ಚೀಲ ಅದು. ವಿಮಾನ ನಿಲ್ದಾಣದಲ್ಲಾಗಲಿ ದಾರಿಯಲ್ಲಾಗಲಿ ಯಾವ ದೇಶದ ಪೊಲೀಸರೂ ಅದನ್ನು ಬಿಚ್ಚುವ ಹಾಗಿಲ್ಲವೆಂದು ಫಾದರ್ ಖಾಂಗ್ ಮಿಯೆನ್‌ಳ ಕಿವಿಯಲ್ಲಿ ಹೇಳಿದರು. ಅವಳು ಶಿಲುಬೆ ಗುರುತು ಹಾಕಿಕೊಂಡಳು. ಶಾಲು ಹೋದದ್ದು ನೆನಪಾದದ್ದು ಸಂಜೆಗೆ.

ಊಟಕ್ಕೆ ಕೂತರು. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿ ಕಡುಬು, ಸುಟ್ಟ ಬೊಂಡಾಸ, ಎಳನೀರು. ಆರ್ಚ್‌ಬಿಷಪ್ ಎಲ್ಲವನ್ನೂ ತಿಂದರು, ಎಲ್ಲವನ್ನೂ ಹೊಗಳಿದರು. ಬಾವುಟಗಳ ಸಾಲು ಅಚ್ಚುಕಟ್ಟಾಗಿತ್ತೆಂದು ಪಂಚಾಯಿತಿಗೆ ಧನ್ಯವಾದ ಹೇಳಿದರು. ಹರಿದ ಪ್ಯಾಂಟನ್ನು ಗೋಡೆಗೆ ಆನಿಸಿ ನಿಂತಿದ್ದ ತ್ವಾನ್ ಅಲ್ಲಿಂದಲೇ ಬಗ್ಗಿ ನಮಸ್ಕರಿಸಿದ. ಆದರೆ ಫಾದರ್ ಮನೆಯ ಮಾತೇ ಬರಲಿಲ್ಲ. ಕಡುಬು ಬಡಿಸುತ್ತಿದ್ದ ಮಿಯೆನ್ ಒಳಗೊಳಗೇ ಕುದಿಯತೊಡಗಿದಳು. ಬೆಳಗಿನಿಂದ ಪ್ರಾಣ ಕೈಯಲ್ಲಿ ಹಿಡಿದುಕೊಂಡದ್ದು ಇವರು ಮಂಡಿ ಎಣ್ಣೆಯ ಮಾತಾಡಿ ಹೋಗಲೆಂದೇ? ಬಾಯಿ ಬಿಟ್ಟು ಕೇಳಲು ಏನು ಕಷ್ಟ? ಅವರ ತಟ್ಟೆಗೆ ನಾಲ್ಕನೇ ಕಡುಬನ್ನು ಸ್ವಲ್ಪ ಜೋರಾಗಿಯೇ ಹಾಕಿದಳು.

ಕಾರು ಹತ್ತುವ ಮುಂಚೆ ಆರ್ಚ್‌ಬಿಷಪ್ ಥ್ವಾ ಮೇಡಂ ಕಡೆ ತಿರುಗಿ ಬೆನ್ನು ಸವರಿಕೊಂಡರು. ಅವರು ಹೇಳಿದ್ದನ್ನು ಫಾದರ್ ಖಾಂಗ್ ಅನುವಾದ ಮಾಡಲು ಒದ್ದಾಡಿದರು, ಮಾತು ತಮ್ಮ ಬಗ್ಗೆಯೇ ಇತ್ತು.

"ಏನಂದ್ರೆ ಮೇಡಂ... ಈ ದಾರೀಲಿ ನಾನು ಒಂದು ಸಲ ಬಂದಿದ್ದಕ್ಕೇ ಒಬ್ಬರು ಅಜ್ಜಿ ಹತ್ರ ದಿಂಬು ಕಿತ್ಕೊಂಡೆ. ಈ ನಮ್ಮ ಫಾದರ್ ವಾರಕ್ಕೆ ಎರಡು ಸಲ ಹೋಗಿ ಬರ್ತಾರೆ. ಇವರಿಗೆ ದಿಂಬು ಯಾರು ಕೊಡ್ತಾರೋ, ಅಂತ ಕೇಳ್ತಿದ್ದಾರೆ."

ಥ್ವಾ ಮೇಡಂ ಆ ಕೆಟ್ಟ ರಸ್ತೆಯನ್ನು ಒಂದು ಗಳಿಗೆ ನೋಡಿದರು. ಕಾರು ಹೊರಟಿತು.

ಟೆಟ್ ಹಬ್ಬ ಬಂತು, ಹೋಯಿತು. ಅತ್ತೆಯ ಉಸಿರು ಇನ್ನಷ್ಟು ಗೊರಗುಟ್ಟಿತು. ಮಿಯೆನ್ ಪ್ರತಿ ಮೋಟಾರ್ ಸದ್ದಿಗೂ ಬಾಗಿಲಿಗೆ ಬಂದು ನೋಡುತ್ತಿದ್ದಳು. ಪೊಲೀಸರೋ, ಕಾಗದವೋ, ಯಾವುದು ಮೊದಲು ಬರುತ್ತದೋ ಗೊತ್ತಿರಲಿಲ್ಲ.

ಆರು ವಾರದ ಮೇಲೆ ಒಂದು ಮಧ್ಯಾಹ್ನ ಥ್ವಾ ಮೇಡಂ ತಾವೊಬ್ಬರೇ ಸ್ಕೂಟರಿನಲ್ಲಿ ಬಂದು ಅಂಗಡಿಯ ಮುಂದೆ ಇಳಿದರು. ಮಿಯೆನ್‌ಳ ಕಾಲು ಮಿಷನ್ ಮೇಲೆಯೇ ನಿಂತಿತು. ಮೇಡಂ ಚೀಲದಿಂದ ಒಂದು ನೇರಳೆ ರೇಷ್ಮೆ ಬಟ್ಟೆ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮಮ್ಮನಿಗೆ ಒಂದು ಅಂಗಿ ಆಗ್ಬೇಕು. ನೀವು ಗಟ್ಟಿಯಾಗಿ ಹೊಲೀತೀರಂತೆ."

ಮಿಯೆನ್ ಅಳತೆ ಬರೆದುಕೊಂಡಳು. ಪೆನ್ಸಿಲ್ ಎರಡು ಸಲ ಮುರಿಯಿತು.

"ಕೆಂಪು ಬಟ್ಟೆ ಹೊಲಿಯೋಕೆ ಮುಂಚೆ," ಎಂದರು ಮೇಡಂ, ಗೋಡೆಯ ಮೇಲಿನ ನೂಲಿನ ಉಂಡೆಗಳನ್ನು ನೋಡುತ್ತ, "ಉಪ್ಪು ನೀರಲ್ಲಿ ಒಂದು ಸಲ ನೆನೆಸಿ ತೆಗೀಬೇಕಮ್ಮ. ಉಪ್ಪಿನ ಊರಲ್ಲಿ ಇದ್ದುಕೊಂಡು ಇಷ್ಟೂ ಗೊತ್ತಿಲ್ವಾ?"

"ಗೊತ್ತಿತ್ತು ಮೇಡಂ... ಅವಸರದಲ್ಲಿ..."

"ಮತ್ತೆ ಲಾಡಿ ಎರಡು ಸಾಕು. ಮೂರು ಬೇಡ."

ಅಷ್ಟು ಹೇಳಿ ಒಂದು ಲಕೋಟೆಯನ್ನು ರೇಷ್ಮೆ ಬಟ್ಟೆಯ ಮೇಲಿಟ್ಟು, "ಇದನ್ನ ನಿಮ್ಮ ಫಾದರಿಗೆ ಕೊಡಿ. ಪಟ್ಟಣದಲ್ಲೇ ಕೊಡಬಹುದಿತ್ತು, ಈ ಕಡೆ ಹೇಗೂ ಬರೋದಿತ್ತು," ಎಂದು ಸ್ಕೂಟರ್ ಹತ್ತಿ ಹೋದರು. ಕೊಡೆಯ ಕೆಳಗಿನಿಂದಲೂ ಮೇಡಂ ಎಲ್ಲ ಕಂಡಿದ್ದರು. ಕಂಡರೂ ಕೊಡೆಯ ಕೆಳಗೇ ನಡೆದಿದ್ದರು. ಮಿಯೆನ್ ಆ ನೇರಳೆ ರೇಷ್ಮೆಯ ಮೇಲೆ ತಲೆಯಿಟ್ಟು, ಎಷ್ಟೋ ವರ್ಷದಿಂದ ಅತ್ತಿರದಷ್ಟು ಅತ್ತಳು, ಮತ್ತೆ ಬಟ್ಟೆಗೆ ಕಲೆಯಾದೀತೆಂದು ಗಡಬಡಿಸಿ ಒರೆಸಿದಳು.

ಮುಂದಿನ ವಾರ ಫಾದರ್ ಖಾಂಗ್ ಎರಡು ಪೆಟ್ಟಿಗೆ, ಒಂದು ಕೋಳಿ ಪಂಜರದೊಂದಿಗೆ ಬಂದು ಇಗರ್ಜಿ ಪಕ್ಕದ ಮನೆಯ ಬೀಗ ತೆಗೆದರು. ಮೊದಲ ದಿನವೇ ಮಿಯೆನ್ ಅವರನ್ನು ಮನೆಗೆ ಕರೆದುಕೊಂಡು ಹೋದಳು. ಫಾದರ್ ಎಣ್ಣೆಯ ಪುಟ್ಟ ಡಬ್ಬಿ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಅತ್ತೆ ಮಂಚದ ಮೇಲೆ ದಿಂಬಿಗೊರಗಿ ಕೂತು, ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ರಾತ್ರಿ ಇಲ್ಲೇ ಮಲಗ್ತೀರಾ ಫಾದರ್?"

"ಹೌದು ಅಜ್ಜಿ. ಇನ್ನು ಇಲ್ಲೇ."

"ನಾಳೆನೂ?"

"ನಾಳೆನೂ. ಕರೆದ್ರೆ ಎರಡೇ ನಿಮಿಷ." ಫಾದರ್ ಜೇಬಿಗೆ ಕೈ ಹಾಕಿದರು. "ಎಣ್ಣೆ ತಂದಿದೀನಿ. ಈಗಲೇ ಬೇಕಾದ್ರೆ ಹಚ್ಚಿ ಪ್ರಾರ್ಥನೆ ಮಾಡೋಣ."

ಮುದುಕಿ ಆ ಡಬ್ಬಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು, ಆಮೇಲೆ ಕಾಲು ನೀಡಿ ಆರಾಮಾಗಿ ಮಲಗಿದಳು.

"ಒಳಗಿಡಿ ಅದನ್ನ. ಎರಡು ನಿಮಿಷದ ದಾರೀಲಿ ಇದ್ದೀರಲ್ಲ, ಈಗೇನು ಅವಸರ?" ಎಂದಳು. "ಏ ಮಿಯೆನ್, ಫಾದರಿಗೆ ಗಂಜಿ ಹಾಕು. ನನಗೂ ಒಂದು ಬಟ್ಟಲು."